ನಳಿಗೆ ಬಾಯಿಂದ ತುಂಬುವ ರೈಫಲ್ 300 ಗಜ ಹೊಡೆಯುತ್ತಾ? ಸಾವಿರ ಡಾಲರ್ ಕೊಡಬಹುದಾ?

ಪ್ರಶ್ನೆ (ಡೆನ್ವರ್‌ನಿಂದ): ನಮಸ್ಕಾರ ಸರ್. ಹಂಟರ್ ಎಜುಕೇಷನ್ ಕೋರ್ಸ್ ಮುಗಿಸಿದ್ದೇನೆ. ಮುಂದಿನ ಸೆಪ್ಟೆಂಬರ್‌ನ ಮಝಲ್‌ಲೋಡರ್ (ನಳಿಗೆ ಬಾಯಿಂದ ತುಂಬುವ ಬಂದೂಕು) ಸೀಸನ್‌ಗೆ ಎಲ್ಕ್ (ಕಡವೆಯಂಥ ದೊಡ್ಡ ಜಿಂಕೆ) ಬೇಟೆಯ ಟ್ಯಾಗ್‌ಗೆ, ಅಂದರೆ ಪರವಾನಗಿಗೆ, ಅರ್ಜಿ ಹಾಕೋಣ ಅಂತಿದ್ದೇನೆ. ಅಂಗಡಿಯಲ್ಲಿ ಸಿವಿಎ ಕಂಪನಿಯ ಪ್ಯಾರಮೌಂಟ್ ರೈಫಲ್ ತೋರಿಸಿದರು. .45 ಕ್ಯಾಲಿಬರ್ (ನಳಿಗೆಯ ಒಳ ಅಗಲ, ಇಂಚಿನಲ್ಲಿ), 300 ಗಜದಾಚೆಗೂ ಹೊಡೆಯುತ್ತೆ ಅಂದರು. ಬೆಲೆ ಸಾವಿರ ಡಾಲರ್ ದಾಟುತ್ತೆ. ಪಕ್ಕದಲ್ಲೇ ಮುನ್ನೂರರ ಆಸುಪಾಸಿಗೆ ಸಿವಿಎ ವುಲ್ಫ್ ಇತ್ತು. ಊರಲ್ಲಿ ನಮ್ಮ ಮಾವನ ಕೇಪಿನ ಕೋವಿ ನೋಡಿ ಬೆಳೆದವನು ನಾನು. ನಲವತ್ತು ಗಜಕ್ಕೆ ಅದರ ಕಥೆ ಮುಗೀತಿತ್ತು. 300 ಗಜ ಅಂದರೆ ನಂಬೋಕೆ ಆಗ್ತಿಲ್ಲ. ನಿಜಾನಾ? ಅಷ್ಟು ದುಡ್ಡು ಹಾಕಬಹುದಾ?

ಉತ್ತರ (ಗನ್‌ಸ್ಮಿತ್, ಅಂದರೆ ಬಂದೂಕು ರಿಪೇರಿ ಮಾಡುವವರು): ಮೊದಲು ನಿಮ್ಮ ದುಡ್ಡು ಉಳಿಸುವ ಮಾತು ಹೇಳಿಬಿಡುತ್ತೇನೆ. ಎಲ್ಕ್ ಸಲುವಾಗಿ ಆ ರೈಫಲ್ ತೆಗೆದುಕೊಳ್ಳಬೇಡಿ. ಕೊಲರಾಡೊದಲ್ಲಿ ಎಲ್ಕ್, ಮೂಸ್ ಎರಡಕ್ಕೂ ಮಝಲ್‌ಲೋಡರ್ ಕನಿಷ್ಠ .50 ಕ್ಯಾಲಿಬರ್ ಇರಬೇಕು. .45 ಜಿಂಕೆಗೆ ನಡೆಯುತ್ತೆ, ಎಲ್ಕ್‌ಗೆ ನಡೆಯಲ್ಲ.

ಇಷ್ಟಕ್ಕೇ ನಿಲ್ಲುವುದಿಲ್ಲ. ಆ ಸೀಸನ್‌ನಲ್ಲಿ ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ಹಾಕುವಂತಿಲ್ಲ. ಗುಂಡಿಗೆ ಪ್ಲಾಸ್ಟಿಕ್ ತೊಡಿಸುವ ಸೇಬೋ ಬಳಸುವಂತಿಲ್ಲ. ಮದ್ದು ಗುಳಿಗೆ ರೂಪದಲ್ಲಿ ಇರಬಾರದು, ಪುಡಿಯೇ ಆಗಬೇಕು. ಗುಂಡಿನ ಉದ್ದ ಅದರ ದಪ್ಪದ ಎರಡು ಪಟ್ಟು ಮೀರಬಾರದು. ದೂರ ಹೊಡೆಯಲು ಅಂತಲೇ ಮಾಡಿದ ಉದ್ದನೆಯ ಗುಂಡುಗಳು ಈ ಲೆಕ್ಕದಲ್ಲಿ ಪಾಸಾಗುವುದು ಕಷ್ಟ. ಅಂದರೆ ಯಾವುದಕ್ಕೆ ಸಾವಿರ ಡಾಲರ್ ಕೊಡುತ್ತೀರೋ ಅದೆಲ್ಲ ಮನೆಯಲ್ಲೇ ಉಳಿಯುತ್ತೆ. ತೆರೆದ ಸೈಟ್‌ನಲ್ಲಿ ಹೊಸಬರಿಗೆ 100 ಗಜವೇ ದೊಡ್ಡದು.

ಈಗ ನಿಮ್ಮ ಇನ್ನೊಂದು ಪ್ರಶ್ನೆ. ಅಂಗಡಿಯವರು ಸುಳ್ಳು ಹೇಳಿಲ್ಲ. ಪ್ಯಾರಮೌಂಟ್ 280 ಗ್ರೇನ್ (ಸುಮಾರು 18 ಗ್ರಾಂ) ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 2,200 ಅಡಿ ವೇಗದಲ್ಲಿ ಕಳಿಸುತ್ತೆ. ಗುಂಡು ಉದ್ದ, ಮೂತಿ ಚೂಪು, ಹಾಗಾಗಿ ಗಾಳಿಯನ್ನು ಸಲೀಸಾಗಿ ಸೀಳುತ್ತೆ. ನನ್ನ ಲೆಕ್ಕದಲ್ಲಿ 200 ಗಜಕ್ಕೆ ಜೀರೋ ಮಾಡಿದರೆ (ಅಲ್ಲಿ ಗುರಿಗೆ ಸರಿಯಾಗಿ ಬೀಳುವಂತೆ ಹೊಂದಿಸಿದರೆ) 300ರಲ್ಲಿ ಸುಮಾರು 15 ಇಂಚು ಇಳಿಯುತ್ತೆ. 400ರಲ್ಲಿ ಸುಮಾರು 45 ಇಂಚು. 300 ಗಜದಲ್ಲೂ 1,600 ಅಡಿ-ಪೌಂಡ್ ಮೇಲೆ ಶಕ್ತಿ ಉಳಿದಿರುತ್ತೆ. ಜಿಂಕೆಗೆ ಅದು ಧಾರಾಳ.

ಆದರೆ ಇಳಿತಕ್ಕಿಂತ ಗಾಳಿ ಕೆಟ್ಟದ್ದು. ಇಳಿತ ಲೆಕ್ಕಕ್ಕೆ ಸಿಗುತ್ತೆ, ಸ್ಕೋಪ್ ತಿರುಗಿಸಿದರೆ ಆಯ್ತು. ಗಾಳಿ ಹಾಗಲ್ಲ. ಪಕ್ಕದಿಂದ ಗಂಟೆಗೆ 10 ಮೈಲಿ ಗಾಳಿ ಬೀಸಿದರೆ ಇದೇ ಗುಂಡು 300 ಗಜದಲ್ಲಿ ಸುಮಾರು 11 ಇಂಚು ಸರಿಯುತ್ತೆ, 400ರಲ್ಲಿ 21 ಇಂಚು. ಹನ್ನೊಂದು ಇಂಚು ಸರಿದರೆ ಎದೆಗೆ ಗುರಿಯಿಟ್ಟದ್ದು ಹೊಟ್ಟೆಗೆ ಬೀಳುತ್ತೆ. ಆ ಪ್ರಾಣಿ ಗಂಟೆಗಟ್ಟಲೆ ನರಳುತ್ತೆ, ನಿಮ್ಮ ಕೈಗೂ ಸಿಗೋದಿಲ್ಲ. ಸೇಬೋದಲ್ಲಿ ಕೂರಿಸುವ ಮೋಟು ಪಿಸ್ತೂಲು ಗುಂಡಾದರೆ 300ರಲ್ಲಿ ಎರಡು ಅಡಿಗೂ ಜಾಸ್ತಿ ಸರಿಯುತ್ತೆ. ಹೊಸ ರೈಫಲ್‌ಗಳ ನಿಜವಾದ ಲಾಭ ಇಲ್ಲೇ ಇರುವುದು.

ಮಾವನ ಕೋವಿಗೂ ಇದಕ್ಕೂ ಹೋಲಿಕೆ ಬೇಡ. ಕೇಪಿನ ಕೋವಿಯ ನಳಿಗೆ ಒಳಗೆ ನುಣುಪು, ಚರೆ ಹೊಡೆಯಲು ಮಾಡಿದ್ದು. ರೈಫಲ್ ನಳಿಗೆಯಲ್ಲಿ ಸುರುಳಿ ಗೀರು ಇರುತ್ತೆ, ಗುಂಡು ಗಿರಗಿರ ತಿರುಗಿಕೊಂಡು ನೇರ ಹೋಗುತ್ತೆ. ಬಾಯಿಂದ ತುಂಬುವುದು ದೂರಕ್ಕೆ ಅಡ್ಡಿಯೇ ಅಲ್ಲ. 1874ರಲ್ಲಿ ನ್ಯೂಯಾರ್ಕ್ ಹತ್ತಿರದ ಕ್ರೀಡ್‌ಮೂರ್‌ನಲ್ಲಿ ಐರ್ಲೆಂಡ್ ತಂಡ ರಿಗ್ಬಿ ಮಝಲ್‌ಲೋಡರ್‌ಗಳಲ್ಲಿ 800, 900, 1,000 ಗಜ ಹೊಡೆಯಿತು. ಹಿಂದಿನಿಂದ ತುಂಬುವ ರೆಮಿಂಗ್ಟನ್, ಶಾರ್ಪ್ಸ್ ಹಿಡಿದ ಅಮೆರಿಕದವರು ಗೆದ್ದದ್ದು 934ಕ್ಕೆ 931, ಬರೀ ಮೂರು ಅಂಕದಲ್ಲಿ. ಅದೂ ಸ್ಕೋಪ್ ಇಲ್ಲದೆ! ಆ ಸ್ಕೋರ್ ನೆನೆದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತೆ.

ಅದೇ ಡೆನ್ವರ್‌ನವರು: ತುಂಬಾ ಥ್ಯಾಂಕ್ಸ್ ಸರ್. ಅಂಗಡಿಯಲ್ಲಿ ಕ್ಯಾಲಿಬರ್ ವಿಷಯ ಯಾರೂ ಎತ್ತಲಿಲ್ಲ. ಹಾಗಾದರೆ ಈ ದುಬಾರಿ ರೈಫಲ್ ಯಾರಿಗೆ?

ಉತ್ತರ: ಸ್ಕೋಪ್ ಬಿಡುವ ರಾಜ್ಯದಲ್ಲಿ, ಬಯಲು ನಾಡಿನಲ್ಲಿ ಬೇಟೆಯಾಡುವವರಿಗೆ. ಕಾನ್ಸಸ್ ಅಂಥದ್ದು. ಅಲ್ಲಿ 250 ಗಜದ ಅವಕಾಶ ನಿಜವಾಗಿ ಸಿಗುತ್ತೆ. ಆದರೆ ನಿಯಮ ಬದಲಾಗುತ್ತಾ ಇರುತ್ತೆ. ಯೂಟಾ 2016ರಲ್ಲಿ ಸ್ಕೋಪ್ ಬಿಟ್ಟಿತು, 2024ರಲ್ಲಿ ದೊಡ್ಡದಾಗಿ ತೋರಿಸುವ ಸ್ಕೋಪ್ ಬೇಡ ಅಂದಿತು. ಇಂಥ ರೈಫಲ್ ಕೊಂಡವರಿಗೆ ಎಷ್ಟು ಬೇಜಾರಾಗಿರಬೇಡ! ಆದ್ದರಿಂದ ಆ ವರ್ಷದ ನಿಯಮ ಪುಸ್ತಕ ಓದಿದ ಮೇಲೆಯೇ ಪರ್ಸ್ ತೆಗೆಯಿರಿ.

ಖರ್ಚು ರೈಫಲ್‌ಗೆ ಮುಗಿಯಲ್ಲ ಅನ್ನೋದೂ ಗೊತ್ತಿರಲಿ. ಬ್ಲ್ಯಾಕ್‌ಹಾರ್ನ್ 209 ಮದ್ದಿನ ಡಬ್ಬಿ 10 ಔನ್ಸ್, ಅಂದರೆ 4,375 ಗ್ರೇನ್. ಸಾಮಾನ್ಯ ರೈಫಲ್‌ಗೆ ಈಡಿಗೆ 70 ಗ್ರೇನ್ ತೂಕ ಅಂದುಕೊಂಡರೆ ಅರವತ್ತು ಚಿಲ್ಲರೆ ಈಡು. ಪ್ಯಾರಮೌಂಟ್‌ನಂಥದ್ದಕ್ಕೆ 110 ಹಾಕಿದರೆ ನಲವತ್ತೂ ದಾಟಲ್ಲ. ಎಷ್ಟು ಹಾಕಬೇಕು ಅನ್ನೋದನ್ನು ತಯಾರಕರ ಕೈಪಿಡಿ ನೋಡಿಯೇ ಹಾಕಿ. ದೂರ ಹೊಡೆಯುವ ಕೈ ಬರಬೇಕಾದರೆ ಇಂಥ ಡಬ್ಬಿಗಳು ಹಲವಾರು ಖಾಲಿಯಾಗಬೇಕು. ಸಾವಿರದ ರೈಫಲ್ ಕೊಂಡು ಒಂದೇ ಡಬ್ಬಿ ಸುಡುವವರಿಗಿಂತ ಮುನ್ನೂರರ ರೈಫಲ್‌ನಲ್ಲಿ ನಾಲ್ಕು ಡಬ್ಬಿ ಸುಟ್ಟವರು ಚೆನ್ನಾಗಿ ಹೊಡೆಯುತ್ತಾರೆ. ನಿಮಗೆ .50ರ ವುಲ್ಫ್ ಅಥವಾ ಆಪ್ಟಿಮಾ ಸಾಕು. ಮಿಕ್ಕಿದ್ದನ್ನು ಒಳ್ಳೆ ಪೀಪ್ ಸೈಟ್‌ಗೂ (ಸಣ್ಣ ತೂತಿನಿಂದ ನೋಡಿ ಗುರಿ ಹಿಡಿಯುವಂಥದ್ದು) ಮದ್ದಿಗೂ ಹಾಕಿ.

ಪ್ರಶ್ನೆ (ಡಲ್ಲಾಸ್‌ನಿಂದ): ಅಣ್ಣ, ನಾನು ಎಚ್1ಬಿ ವೀಸಾದಲ್ಲಿದ್ದೇನೆ. ಮಝಲ್‌ಲೋಡರ್ ಬಂದೂಕೇ ಅಲ್ಲ, ಯಾರು ಬೇಕಾದರೂ ಇಟ್ಟುಕೊಳ್ಳಬಹುದು ಅಂತಾರಲ್ಲ, ಹೌದಾ?

ಉತ್ತರ: ಅರ್ಧ ಸತ್ಯ ತಮ್ಮಾ. 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ ಬಹುಪಾಲು ಮಝಲ್‌ಲೋಡರ್‌ಗಳು ಹಳೇ ಮಾದರಿಯ ಲೆಕ್ಕಕ್ಕೆ ಬರುತ್ತವೆ. ಫೆಡರಲ್ ಕಾನೂನಿನ ಬಂದೂಕು ಅನ್ನೋ ವ್ಯಾಖ್ಯೆಯಿಂದ ಹೊರಗೆ. ಆದರೆ ನಳಿಗೆ ಬದಲಿಸಿ ತೋಟಾ ಹೊಡೆಯಬಲ್ಲದ್ದು, ಉದಾಹರಣೆಗೆ ಥಾಂಪ್ಸನ್ ಸೆಂಟರ್ ಎನ್‌ಕೋರ್, ಪೂರ್ತಿ ಬಂದೂಕೇ. ವೀಸಾದಲ್ಲಿರುವವರಿಗೆ ಬಂದೂಕಿನ ನಿರ್ಬಂಧ ಇದೆ, ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿಯೂ ಇದೆ. ಮೇಲೆ ರಾಜ್ಯದ ಕಾನೂನು ಬೇರೆ. ತಪ್ಪಿದರೆ ವೀಸಾಗೇ ಕುತ್ತು. ಕೊಳ್ಳುವ ಮುಂಚೆ ವಕೀಲರಿಗೆ ಮಾಡೆಲ್ ಹೆಸರು ಹೇಳಿ ಕೇಳಿ.

ಪ್ರಶ್ನೆ (ಸಕಲೇಶಪುರದಿಂದ): ಸರ್, ನಮ್ಮದು ಲೈಸೆನ್ಸ್ ಇರುವ ಹಳೇ ಕೇಪಿನ ಕೋವಿ. ತೋಟಾ ಬಿಚ್ಚಿ ಅದರೊಳಗಿನ ಮದ್ದು ಹಾಕಿದರೆ ಜೋರಾಗಿ ಹೋಗುತ್ತೆ ಅಂತ ಊರಲ್ಲೊಬ್ಬರು ಹೇಳ್ತಾರೆ. ಅಮೆರಿಕದಲ್ಲಿ ಹೀಗೇ ಮಾಡ್ತಾರಾ?

ಉತ್ತರ: ದಯವಿಟ್ಟು ಬೇಡ. ಕೈಮುಗಿದು ಹೇಳುತ್ತೇನೆ. ತೋಟಾದ ಮದ್ದು ಹೊಗೆಯಿಲ್ಲದ ಮದ್ದು. ಅದರ ಒತ್ತಡ ಕರಿಮದ್ದಿಗಿಂತ ಎಷ್ಟೋ ಪಟ್ಟು ಜಾಸ್ತಿ. ಕರಿಮದ್ದಿನ ಅಳತೆಯಲ್ಲಿ ಅದನ್ನು ಸುರಿದರೆ ನಳಿಗೆ ಸಿಡಿಯುತ್ತೆ, ಎಡಗೈ ಇರುವುದು ಸರಿಯಾಗಿ ಅಲ್ಲೇ. ಅಮೆರಿಕದಲ್ಲಿ ಸ್ಯಾವೇಜ್ 10ಎಂಎಲ್-2 ಅಂತ ಹೊಗೆಯಿಲ್ಲದ ಮದ್ದಿಗೇ ಮಾಡಿದ ರೈಫಲ್ ಬರುತ್ತಿತ್ತು. ಈಗಲೂ ಕೆಲವರು ಸಾವಿರಾರು ಡಾಲರ್ ಕೊಟ್ಟು ಅಂಥದ್ದನ್ನು ಮಾಡಿಸಿಕೊಳ್ಳುತ್ತಾರೆ. ಅದರ ಉಕ್ಕೇ ಬೇರೆ. ಪ್ಯಾರಮೌಂಟ್‌ಗೂ ಹೊಗೆಯಿಲ್ಲದ ರೈಫಲ್ ಮದ್ದು ಹಾಕುವಂತಿಲ್ಲ. ನಿಮ್ಮ ಕೋವಿಗೆ ಕರಿಮದ್ದು ಒಂದೇ.

ಅದೇ ಡೆನ್ವರ್‌ನವರು: ಕೊನೇ ಪ್ರಶ್ನೆ ಸರ್. ಮೊದಲ ಈಡು ಸರಿಯಾಗಿ ಬೀಳುತ್ತೆ, ಮೂರನೆಯದು ಎಲ್ಲೋ ಹೋಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಯಾಕೆ?

ಉತ್ತರ: ಹೊಲಸು. ಟ್ರಿಪಲ್ ಸೆವೆನ್‌ನಂಥ ಮದ್ದು ಸುಟ್ಟ ಮೇಲೆ ನಳಿಗೆ ಒಳಗೆ ಗಟ್ಟಿ ಬಳೆಯ ಥರ ಮಸಿ ಕೂರುತ್ತೆ. ಸರಳಿನಿಂದ ಗುಂಡು ತಳ್ಳುವಾಗ ಸಲೀಸಾಗಿ ಇಳಿಯುತ್ತಿದ್ದದ್ದು ತಳ ಮುಟ್ಟುವ ಸ್ವಲ್ಪ ಮುಂಚೆ ತಟ್ಟನೆ ತಡೆಯುತ್ತೆ. ಅದೇ ಆ ಬಳೆ. ಗುಂಡು ಮದ್ದಿನ ಮೇಲೆ ಪೂರ್ತಿ ಕೂರದೆ ನಡುವೆ ಜಾಗ ಉಳಿದರೆ ಗುರಿ ಕೆಡುವುದಷ್ಟೇ ಅಲ್ಲ, ನಳಿಗೆಗೂ ಅಪಾಯ. ಪ್ರತಿ ಈಡಿನ ನಂತರ ಒಂದು ಒದ್ದೆ ಬಟ್ಟೆ ತುಂಡು, ಆಮೇಲೆ ಒಂದು ಒಣಗಿದ್ದು ಹಾಯಿಸಿ. ಮದ್ದು, ಗುಂಡು ಸರಿಯಾಗಿ ಕೂತಾಗ ಸರಳು ನಳಿಗೆಯ ಬಾಯಿ ಹತ್ತಿರ ಎಲ್ಲಿಗೆ ಬರುತ್ತೋ ಅಲ್ಲೊಂದು ಗುರುತು ಹಾಕಿಡಿ. ಆ ಗುರುತು ನಳಿಗೆ ಬಾಯಿಗಿಂತ ಮೇಲೆ ನಿಂತರೆ ಗುಂಡು ಕೂತಿಲ್ಲ, ಇಲ್ಲವೇ ಎರಡು ಸಲ ತುಂಬಿದ್ದೀರಿ. ಹೊಡೆಯಬೇಡಿ.

ಮನೆಗೆ ಬಂದ ದಿನವೇ ಬ್ರೀಚ್ ಪ್ಲಗ್ (ನಳಿಗೆಯ ಹಿಂದಿನ ತುದಿ ಮುಚ್ಚುವ ತಿರುಪು) ಬಿಚ್ಚಿ ತೊಳೆದು, ಅದರ ತಿರುಪಿನ ಗೀರುಗಳಿಗೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ-ಸೀಝ್ ಗ್ರೀಸ್ ಹಚ್ಚಿ ಹಾಕಿ. ಸೀಸನ್ ಮುಗಿದ ಮೇಲೆ ಹಾಗೇ ಬಿಟ್ಟು, ಪ್ಲಗ್ ಕಚ್ಚಿಕೊಂಡ ರೈಫಲ್‌ಗಳು ಪ್ರತಿ ವರ್ಷ ನನ್ನ ಬೆಂಚಿಗೆ ಬರುತ್ತವೆ. ಕೆಲವನ್ನು ಉಳಿಸೋಕೆ ಆಗೋದೇ ಇಲ್ಲ.