ಅತ್ತೆಯ ಸೂಟ್‌ಕೇಸ್ ಮತ್ತು ಜಿಡಿಪಿ

ಬೆಳಿಗ್ಗೆ 6.10ಕ್ಕೆ, ದಾಸವಾಳದ ಶುಭೋದಯದ ಬೆನ್ನಿಗೇ, ದೊಡ್ಡಪ್ಪ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. "ದೇಶದ ಪ್ರತಿ 10 ರೂಪಾಯಿಯಲ್ಲಿ 1 ರೂಪಾಯಿ ಪ್ರವಾಸಿಗರದ್ದು! ಎಲ್ಲರಿಗೂ ಕಳಿಸಿ." ಕೆಳಗೆ ಅವರದೇ ಸಾಲು: "ಅದಕ್ಕೇ ಹೇಳಿದ್ದೆ, ಸಾಗರದ ಮನೆ ಮಾರಬೇಡಿ, ಹೋಮ್‌ಸ್ಟೇ ಮಾಡೋಣ ಅಂತ."

ಪ್ರವೀಣ: ಮೂಲ ಎಲ್ಲಿದೆ ದೊಡ್ಡಪ್ಪ? ಹತ್ತರಲ್ಲೊಂದು ಅನ್ನೋದು ಇಡೀ ಪ್ರಪಂಚಕ್ಕೆ 2019ರಲ್ಲಿ ಹೇಳಿದ ಲೆಕ್ಕ. ಪ್ರವಾಸೋದ್ಯಮದ ಕಂಪನಿಗಳ ಮಂಡಳಿಯೇ ಮಾಡಿದ್ದು. ಹೋಟೆಲ್ ಅಡುಗೆಯವನು ಸಂಬಳದಲ್ಲಿ ಕೊಂಡ ಚಪ್ಪಲಿಯನ್ನೂ ಸೇರಿಸುತ್ತಾರೆ. ನಮ್ಮ ಸರ್ಕಾರದ ಲೆಕ್ಕದಲ್ಲಿ 2022-23ಕ್ಕೆ ಜಿಡಿಪಿಯ, ಅಂದರೆ ದೇಶದ ಒಟ್ಟು ಉತ್ಪನ್ನದ, ಶೇ. 5. ನೇರ, ಪರೋಕ್ಷ ಎರಡೂ ಸೇರಿ.

ರಘು ಚಿಕ್ಕಪ್ಪ ಇಬ್ಬರಿಗೂ ಹೆಬ್ಬೆರಳು ಒತ್ತಿದರು. ಎರಡನ್ನೂ ಓದಿರಲಿಲ್ಲ ಅನ್ನೋದು ನನ್ನ ಗುಮಾನಿ.

ದೊಡ್ಡಪ್ಪ: ನಾಲ್ಕಕ್ಷರ ಕಲಿತವರಿಗೆ ಎಲ್ಲದಕ್ಕೂ ಅನುಮಾನ. ನಮ್ಮ ಕಾಲದಲ್ಲಿ ಹಿರಿಯರು ಹೇಳಿದರೆ ಮುಗೀತು.

ಪ್ರವೀಣ: ಜಿಡಿಪಿಯಲ್ಲಿ ಹೋಟೆಲಿಗೆ ಒಂದು ಸಾಲಿದೆ, ರೈಲಿಗೆ ಒಂದು ಸಾಲಿದೆ. ಪ್ರವಾಸಕ್ಕೆ ಅಂತ ಸಾಲಿಲ್ಲ. ಅದೇ ಹೋಟೆಲಲ್ಲಿ ಊರಿನವರೂ ಇಡ್ಲಿ ತಿಂತಾರಲ್ಲ? ಹೊರಗಿನಿಂದ ಬಂದವರು ತಿಂದದ್ದನ್ನು ಬೇರೆ ಮಾಡಿ ತೆಗೀಬೇಕು. ಅದಕ್ಕೇ ಟೂರಿಸಂ ಸ್ಯಾಟಲೈಟ್ ಅಕೌಂಟ್ ಅನ್ನೋ ಪ್ರತ್ಯೇಕ ಲೆಕ್ಕ. ನಮ್ಮಲ್ಲಿ ಮೊದಲು ಮಾಡಿದ್ದು 2002-03ಕ್ಕೆ, ಮೂರನೆಯದು 2015-16ಕ್ಕೆ.

ರಘು ಚಿಕ್ಕಪ್ಪ: ಸ್ಯಾಟಲೈಟ್! ಇಸ್ರೋಗೆ ನಮಸ್ಕಾರ.

ರಶ್ಮಿ ನ್ಯೂಜೆರ್ಸಿಯಿಂದ: ಜೋಗಕ್ಕೆ ಹೋಗಿದ್ದು ನೆನಪಿದೆಯಾ? ಮೆಟಡೋರಲ್ಲಿ ಹದಿನಾಲ್ಕು ಜನ, ಅಜ್ಜಿ ಕಟ್ಟಿದ ಪುಳಿಯೋಗರೆ. ಮಂಜು ಮುಸುಕಿ ಜಲಪಾತವೇ ಕಾಣಲಿಲ್ಲ!

ದೊಡ್ಡಪ್ಪ: ಮೆಟಡೋರ್ ಬಾಡಿಗೆ ಕೊಟ್ಟಿದ್ದು ನಾನು.

ರಘು ಚಿಕ್ಕಪ್ಪ: ಡೀಸೆಲ್ ಹಾಕಿಸಿದ್ದು ಯಾರಣ್ಣ?

ಇದು ಮೂವತ್ತು ವರ್ಷದ ಜಗಳ. ನಡುವೆ ಸುಮತ್ತೆ ಬಂದರು.

ಸುಮತ್ತೆ: ನೆಂಟರ ಮನೆಗೆ ಹೋಗೋದೂ ಪ್ರವಾಸವೇನೋ ಪ್ರವೀಣ?

ಪ್ರವೀಣ: ಹೌದು ಅತ್ತೆ. ದಿನಾ ಓಡಾಡುವ ಜಾಗ ಬಿಟ್ಟು ಹೋಗಿ, ವರ್ಷದೊಳಗೆ ವಾಪಸ್ ಬಂದರೆ ಪ್ರವಾಸವೇ. ಅಲ್ಲಿಗೆ ಕೆಲಸಕ್ಕೆ ಸೇರಿರಬಾರದು, ಅಷ್ಟೆ. ಮದುವೆ, ತೀರ್ಥಯಾತ್ರೆ ಎಲ್ಲ ಸೇರುತ್ತೆ.

ಸುಮತ್ತೆ: ಹಾಗಾದರೆ ಪ್ರತಿ ಬೇಸಿಗೆಗೂ ಹನ್ನೊಂದು ಜನ ಬಂದು ಇರ್ತಿದ್ದಿರಲ್ಲ. ಮೂರು ಹೊತ್ತು ಬೇಯಿಸಿ ಹಾಕಿದ್ದು?

ಪ್ರವೀಣ: ನಮ್ಮ ಬಸ್ ಚಾರ್ಜು ಲೆಕ್ಕಕ್ಕೆ ಬರುತ್ತೆ. ಸಂಬಳವಿಲ್ಲದ ಮನೆ ಅಡುಗೆ ಕೆಲಸ ಜಿಡಿಪಿಗೆ ಬರಲ್ಲ.

ಏಳು ನಿಮಿಷ ಯಾರೂ ಮಾತಾಡಲಿಲ್ಲ. ಅತ್ತೆ ಹೆಸರಿನ ಪಕ್ಕ 'ಟೈಪ್ ಮಾಡುತ್ತಿದ್ದಾರೆ' ಬಂತು, ಹೋಯಿತು, ಮತ್ತೆ ಬಂತು.

ಸುಮತ್ತೆ: ಅದು ಮೊದಲಿಂದ ಗೊತ್ತಿದ್ದದ್ದೇ ಬಿಡು.

ಪ್ರವೀಣ ಸಮಾಧಾನ ಮಾಡಲು ಹೋದ: ಪ್ರವಾಸಕ್ಕೆಂದೇ ಕೊಂಡ ಸೂಟ್‌ಕೇಸ್ ಲೆಕ್ಕಕ್ಕೆ ಬರುತ್ತೆ ಅತ್ತೆ.

ಸುಮತ್ತೆ: ಒಳ್ಳೆ ನೆನಪು ಮಾಡಿದೆ. ಕಾಶಿಗೆ ಅಂತ ತಗೊಂಡ ನನ್ನ ಮರೂನ್ ಸೂಟ್‌ಕೇಸ್ ಈಗ ಯಾರ ಮನೆಯಲ್ಲಿದೆ?

ಆನ್‌ಲೈನ್ ಇದ್ದ ರಘು ಚಿಕ್ಕಪ್ಪ ತಟ್ಟನೆ ಕಾಣೆಯಾದರು. ಸಂಜೆ ಅವರ ಮಗಳು ಒಂದು ಫೋಟೊ ಹಾಕಿದಳು. ಅಟ್ಟದ ಮೇಲೆ ಮರೂನ್ ಸೂಟ್‌ಕೇಸ್, ಒಂದು ಬೀಗ ಮುರಿದಿದೆ, ಒಳಗೆ ಹಲಸಿನ ಹಪ್ಪಳದ ಕಟ್ಟುಗಳು. "ಇದೇನಾ ಅತ್ತೆ?"

ಸುಮತ್ತೆ: ಇದೇ. ಹಪ್ಪಳವೂ ನಾನು ಮಾಡಿ ಕಳಿಸಿದ್ದೇ.