ಲೋಹದ ಕವಾಟ, ವಾರ್ಫರಿನ್, ಕೊಲೊನೊಸ್ಕೋಪಿ: ಮಾತ್ರೆ ಯಾವಾಗ ನಿಲ್ಲಿಸಬೇಕು?

ಪ್ರಶ್ನೆ: ರೋಗಿಗೆ 64 ವರ್ಷ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಜಾಗದಲ್ಲಿ ಲೋಹದ ಕವಾಟ, ರಕ್ತ ಹೆಪ್ಪುಗಟ್ಟದಂತೆ ದಿನಾ ವಾರ್ಫರಿನ್ 5 ಮಿ.ಗ್ರಾಂ., ಐಎನ್‌ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆಂಬ ಅಳತೆ) 2.9. ದೊಡ್ಡ ಕರುಳಿನಲ್ಲಿರುವ 12 ಮಿ.ಮೀ. ಪಾಲಿಪ್ (ಒಳಗೋಡೆಯ ಗಂಟು) ಕೊಲೊನೊಸ್ಕೋಪಿಯಲ್ಲಿ, ಅಂದರೆ ಕ್ಯಾಮೆರಾ ಕೊಳವೆ ಹಾಕಿ, ತೆಗೆಯಬೇಕಿದೆ. ಕ್ರಮ ಹೇಗಿರಬೇಕು?

ಉತ್ತರ 1: ಪಾಲಿಪ್ ತೆಗೆಯುವುದು ರಕ್ತಸ್ರಾವದ ಅಪಾಯ ಹೆಚ್ಚಿರುವ ಕೆಲಸ. ವಾರ್ಫರಿನ್ 5 ದಿನ ಮೊದಲೇ ನಿಲ್ಲಬೇಕು, ಐಎನ್‌ಆರ್ 1.5ಕ್ಕಿಂತ ಕೆಳಗಿಳಿದಿರಬೇಕು. ಆದರೆ ಮೈಟ್ರಲ್ ಲೋಹದ ಕವಾಟವನ್ನು ಔಷಧದ ರಕ್ಷಣೆಯಿಲ್ಲದೆ ಬಿಡುವಂತಿಲ್ಲ, ಹೆಪ್ಪುಗಟ್ಟಿದರೆ ಪಾರ್ಶ್ವವಾಯುವೇ ಆಗಬಹುದು. ವಾರ್ಫರಿನ್ ಬಿಟ್ಟ 2 ದಿನಕ್ಕೆ ಎನಾಕ್ಸಪರಿನ್‌ನಂಥ ಹೆಪರಿನ್ ಚುಚ್ಚುಮದ್ದು (ಬೇಗ ಇಳಿಯುವ ಹೆಪ್ಪುನಿರೋಧಕ) ಶುರುಮಾಡಿ, ಕೊನೆಯ ಡೋಸನ್ನು ಪಾಲಿಪ್ ತೆಗೆಯುವ 24 ಗಂಟೆ ಮೊದಲೇ ಮುಗಿಸುತ್ತಾರೆ. ಪಾಲಿಪ್ ತೆಗೆದ ದಿನವೇ ಸಂಜೆ ವಾರ್ಫರಿನ್ ಮತ್ತೆ ಆರಂಭ. ಐಎನ್‌ಆರ್ ಬೇಕಾದ ಮಟ್ಟಕ್ಕೆ ಬರುವವರೆಗೆ ಹೆಪರಿನ್ ಜೊತೆಗಿರುತ್ತದೆ. ತಪ್ಪುವುದು ಸಾಮಾನ್ಯವಾಗಿ ಇಲ್ಲೇ: ಎರಡೂ ಔಷಧಗಳ ಪರಿಣಾಮ ಕೂಡಿ ಗಾಯದಿಂದ ರಕ್ತ ಸೋರುತ್ತದೆ. ಹೃದ್ರೋಗ ವೈದ್ಯರ ಒಪ್ಪಿಗೆ ಬರಹದಲ್ಲೇ ಇರಲಿ, ದಯವಿಟ್ಟು ಸ್ವಂತವಾಗಿ ಮಾತ್ರೆ ಬಿಡಿಸಬೇಡಿ.

ಉತ್ತರ 2: ಬರೀ ನೋಡುವುದು, ಬಯಾಪ್ಸಿ (ಪರೀಕ್ಷೆಗೆ ಅಂಗಾಂಶದ ಚೂರು) ತೆಗೆಯುವುದು ಇಷ್ಟೇ ಆದರೆ ವಾರ್ಫರಿನ್ ನಿಲ್ಲಿಸಬೇಕಿಲ್ಲ. ಹಿಂದಿನ ವಾರದಲ್ಲಿ ಐಎನ್‌ಆರ್ ಮಿತಿ ಮೀರಿಲ್ಲವೆಂದು ನೋಡಿಕೊಂಡರೆ ಸಾಕು. ಅಪಿಕ್ಸಬಾನ್, ರಿವರಾಕ್ಸಬಾನ್‌ನಂಥ ಹೊಸ ಹೆಪ್ಪುನಿರೋಧಕ ಮಾತ್ರೆ ತೆಗೆದುಕೊಳ್ಳುವವರು ಪರೀಕ್ಷೆಯ ದಿನದ ಬೆಳಗಿನ ಡೋಸ್ ಮಾತ್ರ ಬಿಡುತ್ತಾರೆ. ಪಾಲಿಪ್ ತೆಗೆಯುವುದಿದ್ದರೆ ಕೊನೆಯ ಡೋಸ್ 3 ದಿನ ಮೊದಲು. ಇದೇ ಗುಂಪಿನ ದಾಬಿಗಟ್ರಾನ್ ಮೂತ್ರಪಿಂಡದಿಂದ ಹೊರಹೋಗುವ ಔಷಧ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಮೂತ್ರಪಿಂಡ ರಕ್ತ ಶೋಧಿಸುವ ವೇಗ, ನಿಮಿಷಕ್ಕೆ ಮಿ.ಲೀ.ಗಳಲ್ಲಿ) 30ರಿಂದ 50 ಇದ್ದರೆ ಕೊನೆಯ ಡೋಸ್ 5 ದಿನ ಮೊದಲು. ಈ ಹೊಸ ಮಾತ್ರೆಗಳಿಗೆ ಹೆಪರಿನ್ ಸೇತುವೆ (ಮಾತ್ರೆ ನಿಂತ ದಿನಗಳಿಗೆ ಚುಚ್ಚುಮದ್ದು) ಬೇಡ. ಲೋಹದ ಕವಾಟದವರಿಗಂತೂ ಈ ಮಾತ್ರೆಗಳನ್ನು ಕೊಡುವುದೇ ಇಲ್ಲ.

ಉತ್ತರ 3: ಪಾಲಿಪ್ ತೆಗೆದ ದಿನ ರಕ್ತ ಬರಲಿಲ್ಲವೆಂದು ನಿಶ್ಚಿಂತರಾಗಬೇಡಿ. ಪಾಲಿಪ್ ತೆಗೆಯುವಾಗ ಸುಟ್ಟ ಜಾಗದ ಹಕ್ಕಳೆ ಉದುರಿದಾಗ, ಎರಡು ವಾರದವರೆಗೂ, ರಕ್ತಸ್ರಾವ ಶುರುವಾಗಬಹುದು. ಅಷ್ಟು ದಿನ ದೂರದ ಪ್ರಯಾಣ, ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆ ಬೇಡ. ಮಲದಲ್ಲಿ ರಕ್ತದ ಹೆಪ್ಪು ಕಂಡರೆ, ತಲೆ ಸುತ್ತಿದರೆ ತಕ್ಷಣ ಆಸ್ಪತ್ರೆಗೆ.