ಹೈವೇ 599: ಚಳಿಗಾಲದಲ್ಲಿ ಪಿಕಲ್ ಲೇಕ್‌ಗೆ ಕಾರಲ್ಲಿ ಹೋಗಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನೀವು ಕೆನಡಾದ ಉತ್ತರ ಒಂಟಾರಿಯೊದಲ್ಲಿ ರಸ್ತೆ ನಿರ್ವಹಣೆಯ ಎಂಜಿನಿಯರ್ ಅಂತ ಗೊತ್ತಾಯಿತು. ಫೆಬ್ರವರಿಯಲ್ಲಿ ಕೆಲಸದ ಮೇಲೆ ಪಿಕಲ್ ಲೇಕ್ ಊರಿಗೆ ಹೋಗಬೇಕು. ಇಗ್ನೇಸ್‌ನಲ್ಲಿ ಹೈವೇ 17 ಬಿಟ್ಟು 599 ಹಿಡಿದರೆ ಸುಮಾರು 290 ಕಿ.ಮೀ. ಫೋನು ತೋರಿಸುವ ಸಮಯವನ್ನು ನಂಬಬಹುದಾ?

ಉತ್ತರ: ದೂರವನ್ನು ನಂಬಿ, ಸಮಯವನ್ನು ಬೇಡ. ಇಗ್ನೇಸ್‌ನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಸವಂತ್ ಲೇಕ್‌ನಂಥ ಒಂದೆರಡು ಸಣ್ಣ ಊರು ಬಿಟ್ಟರೆ ಬರೀ ಕಾಡು, ಕೆರೆ. ಬಹಳಷ್ಟು ಕಡೆ ಫೋನ್ ಸಿಗ್ನಲ್ ಸಿಗುವುದಿಲ್ಲ. ಕಂಬಳಿ, ಸಲಿಕೆ, ತಿನ್ನಲು ಏನಾದರೂ ಇರಲಿ. ಕತ್ತಲಾಗುವ ಮೊದಲೇ ತಲುಪುವ ಹಾಗೆ ಹೊರಡಿ. ಮೂಸ್ ಅನ್ನುವ ಭಾರಿ ಜಿಂಕೆ ರಸ್ತೆಗೆ ಬರುತ್ತದೆ. ಅದರ ಮೈ ಕಪ್ಪು, ಕಾಲು ಉದ್ದ. ಕಾರಿನ ಬೆಳಕು ಅದರ ಕಣ್ಣಿಗೆ ತಾಗುವುದೇ ಕಷ್ಟ, ಹತ್ತಿರ ಹೋಗುವವರೆಗೂ ಕಾಣುವುದಿಲ್ಲ.

ಪ್ರಶ್ನೆ: ರಸ್ತೆಗೆ ಉಪ್ಪು ಹಾಕುತ್ತಾರಲ್ವಾ?

ಉತ್ತರ: ಚಳಿ ಸುಮಾರು -12 ಡಿಗ್ರಿಗಿಂತ ಕೆಳಗಿಳಿದರೆ ಉಪ್ಪಿನಿಂದ ಜಾಸ್ತಿ ಉಪಯೋಗವಿಲ್ಲ. ಅಲ್ಲಿ ಫೆಬ್ರವರಿ ಅಂದರೆ -30 ಕೂಡ ಮಾಮೂಲು. ಆಗ ಮರಳು ಹರಡುತ್ತಾರೆ. ಅದು ಹಿಮ ಕರಗಿಸುವುದಿಲ್ಲ, ಟೈರಿಗೆ ಹಿಡಿತ ಕೊಡುತ್ತದೆ ಅಷ್ಟೇ. ಹಿಮದ ಟೈರ್ ಇಲ್ಲದೆ ಹೋಗಲೇಬೇಡಿ.

ಪ್ರಶ್ನೆ (ಇನ್ನೊಬ್ಬರಿಂದ): ನಾನು ಆ ಕಡೆ ಹೋಗಿದ್ದೆ. ರಸ್ತೆ ಅಲೆಅಲೆಯಾಗಿತ್ತು. ಕಳಪೆ ಕೆಲಸನಾ?

ಉತ್ತರ: ಅಲ್ಲ, ಅದು ನೆಲದೊಳಗಿನ ನೀರಿನ ಕೆಲಸ. ಚಳಿ ನೆಲದೊಳಗೆ ಇಳಿದಂತೆ ಮಣ್ಣು ಕೆಳಗಿನ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಆ ನೀರು ಪದರಪದರವಾಗಿ ಹೆಪ್ಪುಗಟ್ಟಿ ಡಾಂಬರನ್ನು ಎತ್ತುತ್ತದೆ. ಬಂಡೆಯ ಮೇಲೆ ಎತ್ತುವುದಿಲ್ಲ, ಪಕ್ಕದ ಜೌಗಿನಲ್ಲಿ ಎತ್ತುತ್ತದೆ. ಹಾಗಾಗಿ ಏರಿಳಿತ. ವಸಂತದಲ್ಲಿ ಐಸ್ ಕರಗಿದಾಗ ಬುಡ ಮೆತ್ತಗಾಗುತ್ತದೆ. ಅದಕ್ಕೇ ಇಂಥ ರಸ್ತೆಗಳಲ್ಲಿ ಆಗ ಲಾರಿಗಳ ಭಾರಕ್ಕೆ ಮಿತಿ ಹಾಕುತ್ತಾರೆ.

ಪ್ರಶ್ನೆ (ಮೊದಲಿನವರಿಂದ): ಆ ಕಡೆಯ ಅಷ್ಟು ಕಡಿಮೆ ಜನಕ್ಕೆ ಈ ರಸ್ತೆ ಮೇಲೆ ಇಷ್ಟು ಖರ್ಚು ಬೇಕಾ ಸರ್?

ಉತ್ತರ: ಖಂಡಿತ ಬೇಕು. ಒಂಟಾರಿಯೊದಲ್ಲಿ ವರ್ಷವಿಡೀ ರಸ್ತೆ ಇರುವ ಊರುಗಳಲ್ಲಿ ಪಿಕಲ್ ಲೇಕ್ ತೀರಾ ಉತ್ತರದ್ದು. ಆಚೆ ಒಂದಷ್ಟು ದೂರ ಜಲ್ಲಿ ರಸ್ತೆ, ಆಮೇಲೆ ಚಳಿಗಾಲದ ರಸ್ತೆ: ಹೆಪ್ಪುಗಟ್ಟಿದ ಕೆರೆ, ಜೌಗುಗಳ ಮೇಲೆ ಹಿಮ ಒತ್ತಿ ಮಾಡಿದ ದಾರಿ. ಅಲ್ಲಿರುವ ಮೂಲನಿವಾಸಿಗಳ ಊರುಗಳಿಗೆ ಡೀಸೆಲ್, ಮನೆ ಕಟ್ಟುವ ಸಾಮಾನು ಲಾರಿಯಲ್ಲಿ ಹೋಗುವುದು ಆ ಕೆಲವೇ ವಾರ. ಉಳಿದಂತೆ ವಿಮಾನವೇ ಗತಿ, ಬೆಲೆ ಕೈಗೆಟುಕುವುದಿಲ್ಲ. ಚಳಿ ತಡವಾಗಿ ಬಂದರೆ ಆ ವಾರಗಳೂ ಕಡಿಮೆಯಾಗುತ್ತವೆ. ನಿಮ್ಮ ಫೆಬ್ರವರಿ ಆ ಲಾರಿಗಳ ಕಾಲವೇ. ಎದುರಿಗೆ ಬಂದರೆ ವೇಗ ಕಡಿಮೆ ಮಾಡಿ. ಅವುಗಳ ಹಿಂದೆ ಏಳುವ ಹಿಮದ ಧೂಳಿನಲ್ಲಿ ಓವರ್‌ಟೇಕ್ ಮಾಡಲು ಹೋಗಬೇಡಿ.